ಗಿರಣಿ ಶಂಕರಮ್ಮನ ಹಲ್ಲಿನ ಸೆಟ್ಟು

ಭದ್ರಾವತಿಯ ಹೊಸಮನೆ ಬಡಾವಣೆಯಲ್ಲಿ ಗಿರಣಿ ಶಂಕರಮ್ಮನನ್ನು ಅರಿಯದವರು ಕಡಿಮೆ. ಮೂವತ್ತೊಂದು ವರ್ಷ ಹಿಟ್ಟಿನ ಗಿರಣಿ ನಡೆಸಿದ ಹೆಂಗಸು ಅವಳು. ಗಿರಣಿ ಮುಚ್ಚಿ ಆರು ವರ್ಷವಾಗಿದ್ದರೂ ಹೆಸರಿನ ಮುಂದೆ ಅದು ಅಂಟಿಕೊಂಡೇ ಇತ್ತು. ಯಾರ ಹಿಟ್ಟಿನಲ್ಲೂ ಒಂದು ಹಿಡಿ ಉಳಿಸಿಕೊಂಡವಳಲ್ಲ, ಹಾಗೆಯೇ ಯಾರಿಗೆ ಹೇಳಬೇಕಾದ ಮಾತಿನಲ್ಲೂ ಒಂದು ಹಿಡಿ ಉಳಿಸಿಕೊಂಡವಳಲ್ಲ. ಅರವತ್ತೆಂಟರ ವಯಸ್ಸಿನಲ್ಲೂ ಗಂಜಿ ಹಾಕಿದ ಸೀರೆ, ಹಣೆಗೆ ವಿಭೂತಿ, ಬಾಯಿ ತುಂಬ ಬಿಳಿ ಹಲ್ಲು ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಆ ಹಲ್ಲು ಕಟ್ಟಿಸಿದ್ದು ಎಂಬುದು ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸ್ವಂತ ಅಳಿಯನಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಲ್ಲು ಹಾಕಿಕೊಳ್ಳುವ ಮುಂಚೆ, ಅವಳು ನಡುಮನೆಯಲ್ಲಿ ಗಂಡ ಷಣ್ಮುಖಪ್ಪನ ಫೋಟೋದ ಎದುರು ನಿಂತು ಹತ್ತು ನಿಮಿಷ ಅವನನ್ನು ಬೈಯುತ್ತಿದ್ದಳು. ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದ ಷಣ್ಮುಖಪ್ಪ ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಎದ್ದಿರಲಿಲ್ಲ. ಹೇಳದೆ ಕೇಳದೆ ಹೋದದ್ದಕ್ಕೆ ಈ ಬೈಗುಳ. ಮಗ ಜ್ಞಾನೇಶ, ಸೊಸೆ ಶ್ರೀಗೌರಿ, ಮೊಮ್ಮಗಳು ಪ್ರಿಯದರ್ಶಿನಿ ಮೂವರೂ ಆ ಹೊತ್ತಿನಲ್ಲಿ ನಿದ್ದೆಯಲ್ಲಿರುತ್ತಾರೆ ಎಂದೇ ಅವಳು ತಿಳಿದಿದ್ದಳು.

ನವೆಂಬರಿನ ಒಂದು ಭಾನುವಾರ ತರಕಾರಿ ತರಲು ಹೋದಾಗ ಸ್ಕೂಟರಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ಅವಳನ್ನು ನೋಡಿ, "ಹಯ್ಯು ಅಜ್ಜಿ! ಹಯ್ಯು ಅಜ್ಜಿ!" ಎಂದು ಕೂಗಿ ನಕ್ಕರು. ಶಂಕರಮ್ಮನಿಗೆ ಏನೂ ಅರ್ಥವಾಗಲಿಲ್ಲ. ತರಕಾರಿ ಮಾರುವ ಕರಿಯಮ್ಮ ಮಾತ್ರ ತಲೆ ತಗ್ಗಿಸಿ ಬೀನ್ಸ್ ಮುರಿಯುತ್ತಾ ಕೂತಳು.

"ಏನಂತೆ ಆ ಹುಡುಗರದ್ದು?"

"ಏನಿಲ್ಲಮ್ಮ, ಬಿಡಿ."

"ಇಪ್ಪತ್ತು ವರ್ಷದಿಂದ ನಿನ್ನ ಹತ್ರ ಸೊಪ್ಪು ತಗೊಳ್ತಿದೀನಿ. ಮುಖ ನೋಡಿದ್ರೆ ಗೊತ್ತಾಗುತ್ತೆ. ಹೇಳು."

ಕರಿಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನ್ ತೆಗೆದಳು. "ನನ್ನ ಮೊಮ್ಮಗನಿಗೆ ಯಾರೋ ಕಳಿಸಿದ್ದು. ಇದು ನೀವೇ ಅಲ್ವಾ?"

ಶಂಕರಮ್ಮ ನೋಡಿದಳು. ತನ್ನ ಮನೆಯ ಗೋಡೆ, ತನ್ನ ಮನೆಯ ಕ್ಯಾಲೆಂಡರ್, ಗಂಡನ ಫೋಟೋ. ಎದುರಿಗೆ ಬಿಚ್ಚಿದ ಒದ್ದೆ ಕೂದಲಿನ, ಕೆನ್ನೆ ಒಳಗೆ ಹೋದ ಒಬ್ಬ ಮುದುಕಿ. "ಎಯ್ಯಿ ಓದ್ರಿ ನೀವು? ಓಗೋವಾಗ ನನ್ನ ಹಯ್ಯೂ ತಗೊಂಡು ಓದ್ರಾ?" ಎಂದು ಮುದುಕಿ ಕೇಳುತ್ತಿದ್ದಳು; ಹಲ್ಲಿಲ್ಲದ ಬಾಯಲ್ಲಿ ‘ಹಲ್ಲು’ ಎಂಬುದು ‘ಹಯ್ಯು’ ಆಗಿತ್ತು. ಹಿಂದೆ ಡೋಲಿನ ಸಂಗೀತ. ಅದೇ ಮಾತು ಮತ್ತೆ, ಮತ್ತೆ, ಡೋಲಿನ ಪೆಟ್ಟಿಗೆ ಸರಿಯಾಗಿ ತಲೆ ಅಲುಗಿಸುತ್ತಾ.

ಯಾವ ಕಡೆಯಿಂದ ತೆಗೆದದ್ದು ಎಂಬುದು ಅವಳಿಗೆ ಕೂಡಲೇ ತಿಳಿಯಿತು. ನಡುಮನೆಯ ಆ ಮೂಲೆಗೆ ಬಾಗಿಲು ಇರುವುದು ಒಂದೇ ಕೋಣೆಯದು. ತೂಗಿಸಿಟ್ಟ ತರಕಾರಿಯನ್ನು ಅಲ್ಲೇ ಬಿಟ್ಟು ಅವಳು ಮನೆಗೆ ನಡೆದಳು.

ಪ್ರಿಯದರ್ಶಿನಿ, ಮನೆಯವರ ಬಾಯಲ್ಲಿ ದರ್ಶಿ, ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಮೊದಲ ಪಿಯುಸಿ. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿ. ಅಜ್ಜಿ ಒಳಗೆ ಬಂದ ರಭಸ ನೋಡಿಯೇ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ತೆಗೆದಿದ್ದು ನೀನಾ?"

ದರ್ಶಿ ಪಕ್ಕದಲ್ಲಿದ್ದ ಫೋನನ್ನು ಬೆನ್ನ ಹಿಂದೆ ಸರಿಸಿದಳು.

"ಏನಾಯ್ತು ಅವ್ವ?" ಜ್ಞಾನೇಶ ಪೇಪರ್ ಮಡಚಿದ.

"ನಿನ್ನ ಮಗಳನ್ನ ಕೇಳು. ನಿಮ್ಮಪ್ಪನ ಎದುರು ನಾನು ಬೋಳು ಬಾಯಲ್ಲಿ ಅಳೋದನ್ನ ಊರಿಗೆ ತೋರಿಸಿದಾಳೆ."

ಶ್ರೀಗೌರಿ ಅಡಿಗೆಮನೆಯಿಂದ ಓಡಿ ಬಂದಳು. ಮಗಳ ಫೋನ್ ಕಿತ್ತುಕೊಂಡು ನೋಡಿದಳು. ಅವಳು ಪಾಠ ಮಾಡುವ ಶಾಲೆಯ ಟೀಚರುಗಳ ಗ್ರೂಪಿಗೂ ಹಿಂದಿನ ದಿನ ಈ ವಿಡಿಯೋ ಬಂದಿತ್ತು. ಅವಳು ತೆರೆದು ನೋಡಿರಲಿಲ್ಲ ಅಷ್ಟೆ.

"ಯಾಕೆ ಮಾಡಿದ್ಯೇ?"

"ಕಾಲೇಜ್ ಫ್ರೆಂಡ್ಸ್ ಗ್ರೂಪಲ್ಲಿ ಟಾಸ್ಕ್ ಇತ್ತಮ್ಮ. ಮನೇಲಿರೋರದ್ದು ಫನ್ನಿ ವಿಡಿಯೋ ಹಾಕ್ಬೇಕು ಅಂತ. ಎಲ್ರೂ ಹಾಕಿದ್ರು. ನಾನು ಎರಡು ಸಲ ಆಗಲ್ಲ ಅಂದೆ. ಮೂರನೇ ಸಲ, ಹಾಕದಿದ್ರೆ ನಾಳೆಯಿಂದ ನಮ್ಮ ಜೊತೆ ಕೂರಬೇಡ ಅಂದ್ರು. ನಾಲ್ಕೇ ಜನ ನೋಡೋದು ಅಂದ್ಕೊಂಡೆ. ಮ್ಯೂಸಿಕ್ ಎಲ್ಲ ನಾನು ಹಾಕಿದ್ದಲ್ಲ."

"ಯಾರು ಹಾಕಿದ್ದು? ಹೆಸರು ಹೇಳು," ಎಂದಳು ಶಂಕರಮ್ಮ.

"ಹೇಳಲ್ಲ."

"ಅವರಿಗೆ ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಂಗೆ ಹೇಳಲ್ಲ ಅನ್ನೋಕೆ ಬರುತ್ತೆ!"

ಅಂದಿನಿಂದ ಶಂಕರಮ್ಮ ಶಿಕ್ಷೆ ಶುರು ಮಾಡಿದಳು. ಕೈ ಎತ್ತಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟಿದರೆ ಮೂರು ಜನಕ್ಕೆ ಮಾತ್ರ ತಟ್ಟುವಳು. ಬದನೆಕಾಯಿ ಎಣಗಾಯಿ ಮಾಡಿದರೆ ಮಗ ಸೊಸೆಗೆ ಬಡಿಸಿ ಪಾತ್ರೆ ಮುಚ್ಚುವಳು. "ನಿನ್ನ ಮಗಳಿಗೆ ನೀನೇ ಬಡಿಸು," ಎಂದು ಸೊಸೆಗೆ ಹೇಳುವಳು. ದರ್ಶಿ ನಡುಮನೆಗೆ ಬಂದರೆ ಇವಳು ಹಿತ್ತಲಿಗೆ ಹೋಗುವಳು. ಒಗೆದ ಬಟ್ಟೆಯಲ್ಲಿ ದರ್ಶಿಯದು ಮಾತ್ರ ತಂತಿಯ ಮೇಲೆ ಉಳಿಯುತ್ತಿತ್ತು. ಫೋಟೋದ ಎದುರು ನಿಲ್ಲುವುದನ್ನೂ ಅವಳು ಬಿಟ್ಟಳು. ಹೆಂಗಸರ ಸಂಘವಾದ ಅಕ್ಕನ ಬಳಗದ ಸೋಮವಾರದ ಭಜನೆಗೆ ಹೋಗುವುದನ್ನೂ ಬಿಟ್ಟಳು.

"ಸಾಕು ಮಾಡಿ ಅತ್ತೆ. ಹುಡುಗಿ ಸೊರಗ್ತಿದಾಳೆ," ಎಂದಳು ಶ್ರೀಗೌರಿ ಒಂದು ದಿನ.

"ಸೊರಗಲಿ. ನಾನು ಬೀದೀಲಿ ಓಡಾಡೋ ಹಾಗಿಲ್ಲ. ಅವಳು ಸ್ವಲ್ಪ ಸೊರಗಿದ್ರೆ ಏನೂ ಆಗಲ್ಲ."

ಮೂರನೇ ವಾರ ಕಾಲೇಜಿನಿಂದ ಫೋನ್ ಬಂತು. ಹನ್ನೊಂದು ದಿನದಿಂದ ಹುಡುಗಿ ತರಗತಿಗೆ ಬಂದಿಲ್ಲ. ಶಿವಮೊಗ್ಗದ ಸವಳಂಗ ರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಜ್ಞಾನೇಶ ಅರ್ಧ ದಿನ ರಜೆ ಹಾಕಿ ಹುಡುಕಿದ. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲೇ, ಸಾಗರದ ಬಸ್ಸು ನಿಲ್ಲುವ ಕಡೆ, ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೂತರೆ ನಾಲ್ಕಕ್ಕೆ ಏಳುತ್ತಿದ್ದಳಂತೆ.

ಮನೆಯಲ್ಲಿ ಜ್ಞಾನೇಶ ಕಿರುಚಾಡಿದ. "ಓದೋಕೆ ಇಷ್ಟ ಇಲ್ಲ ಅಂದ್ರೆ ಹೇಳು, ಟಿ.ಸಿ. ತರ್ತೀನಿ!"

"ಕಾಲೇಜಲ್ಲಿ ಅವರು ಮಾತಾಡ್ಸಲ್ಲ. ಗ್ರೂಪಿನೋರ ಹೆಸರು ಮನೇಲಿ ಹೇಳಿರ್ತೀನಿ ಅಂತ ಅನುಮಾನ. ಮನೇಲಿ ಅಜ್ಜಿ ಮಾತಾಡ್ಸಲ್ಲ. ಬಸ್‌ಸ್ಟ್ಯಾಂಡಲ್ಲಿ ಯಾರೂ ಮಾತಾಡ್ಸದೇ ಇದ್ರೂ ಏನೂ ಅನ್ಸಲ್ಲಪ್ಪ."

ಶ್ರೀಗೌರಿ ಗಂಡನಿಗೆ ಮೆಲ್ಲಗೆ ಹೇಳಿದಳು: "ನಿಮ್ಮ ಅಂಗಡಿ ಮಹಡಿ ಮೇಲೆ ಶಾಮಲಾ ಅಂತ ಕೌನ್ಸೆಲರ್ ಇದಾರಲ್ಲ. ಅಲ್ಲಿಗೆ ಕಳಿಸೋಣ."

"ಹುಚ್ಚರ ಡಾಕ್ಟ್ರ ಹತ್ರ?" ಎಂದಳು ಶಂಕರಮ್ಮ.

"ಹುಚ್ಚಲ್ಲ ಅತ್ತೆ. ಒಬ್ಬರು ಒತ್ತಾಯ ಮಾಡಿದಾಗ ಬೇಡ ಅನ್ನೋಕೆ ಬರಬೇಕಲ್ಲ, ಅದನ್ನ ಕಲಿಸ್ತಾರೆ. ಬುಧವಾರ ಮೂರು ಗಂಟೆಗೆ ಬನ್ನಿ ಅಂದಿದಾರೆ. ನಂಗೆ ಶಾಲೆ. ಇವರಿಗೆ ಕೌಂಟರ್ ಬಿಟ್ಟು ಏಳೋ ಹಾಗಿಲ್ಲ."

"ಅಂದ್ರೆ ನಾನು ಹೋಗ್ಬೇಕು."

"ನೀವು ಬೇಡ ಅಂದ್ರೆ ಬೇಡ."

ಶಂಕರಮ್ಮ ಲೆಕ್ಕ ಹಾಕಿದಳು. ಹುಡುಗಿ ಅಲ್ಲಿ ಬಾಯಿ ಬಿಡುತ್ತಾಳೆ. ಬಾಯಿ ಬಿಟ್ಟರೆ ಹೆಸರು ಬರುತ್ತದೆ. "ಹೋಗ್ತೀನಿ," ಎಂದಳು.

ಮೊದಲ ಎರಡು ಬುಧವಾರ ಕಾಲೇಜಿಗೆ ರಜೆ ಹಾಕಿಸಿ, ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಎದುರು ಸೀಟಿನ ಕಬ್ಬಿಣ ನೋಡುತ್ತಾ ಹೋದರು. ಸೋಗಾನೆಯ ವಿಮಾನ ನಿಲ್ದಾಣದ ಕಡೆ ವಿಮಾನವೊಂದು ಇಳಿಯುವಾಗ ಬಸ್ಸಿನವರೆಲ್ಲ ಕತ್ತು ಹೊರಳಿಸಿದರು, ಇವರಿಬ್ಬರು ಹೊರಳಿಸಲಿಲ್ಲ. ಮಹಡಿಯ ಮೇಲೆ ದರ್ಶಿ ಒಳಗೆ, ಅಜ್ಜಿ ಹೊರಗೆ ಬೆಂಚಿನ ಮೇಲೆ. ಬಾಗಿಲಿಗೆ ಕಿವಿ ಕೊಟ್ಟರೂ ಫ್ಯಾನಿನ ಸದ್ದಿಗಿಂತ ಹೆಚ್ಚೇನೂ ಕೇಳುತ್ತಿರಲಿಲ್ಲ. ಎರಡನೇ ವಾರ ಶಾಮಲಾ ಮೇಡಂ ಹೊರಗೆ ಬಂದಾಗ ಶಂಕರಮ್ಮ ನೇರವಾಗಿ ಕೇಳಿಯೇಬಿಟ್ಟಳು.

"ಆ ವಿಡಿಯೋ ಹರಡಿದ ಹುಡುಗಿ ಯಾರಂತೆ ಮೇಡಂ?"

"ಅದನ್ನ ನಾನು ಹೇಳೋ ಹಾಗಿಲ್ಲ ಅಮ್ಮ. ದರ್ಶಿನಿ ಹೇಳಿದ್ರೆ ಹೇಳಬಹುದು."

ಐವತ್ತರ ಆಸುಪಾಸಿನ ಸಣಕಲು ಹೆಂಗಸು ಶಾಮಲಾ. ಮಾತು ಮೆತ್ತಗೆ, ಆದರೆ ಅಲ್ಲಾಡುವಂಥದ್ದಲ್ಲ. ಶಂಕರಮ್ಮನಿಗೆ ಸಿಟ್ಟೂ ಬಂತು, ಒಳಗೊಳಗೆ ಒಂದಿಷ್ಟು ಗೌರವವೂ ಬಂತು.

ಮೂರನೇ ಬುಧವಾರ ಬಾಗಿಲು ತೆರೆದು ಅವರೇ ಕರೆದರು. "ಅಮ್ಮ, ಒಂದು ಸಹಾಯ ಬೇಕಿತ್ತು. ದರ್ಶಿನಿಗೆ ಅಭ್ಯಾಸ ಮಾಡಿಸ್ತಿದೀನಿ. ಒತ್ತಾಯ ಮಾಡೋ ಗೆಳತಿ ಪಾತ್ರ ಯಾರಾದ್ರೂ ಮಾಡಬೇಕು. ನಾನು ಮಾಡಿದ್ರೆ ಅವಳಿಗೆ ನಗು ಬರುತ್ತೆ. ನೀವು ಮಾಡ್ತೀರಾ ಅಂತ ಅವಳೇ ಕೇಳಿದ್ಳು."

ಶಂಕರಮ್ಮ ಮೊಮ್ಮಗಳ ಮುಖ ನೋಡಿದಳು. ದರ್ಶಿ ಕುರ್ಚಿಯ ಅಂಚು ಹಿಡಿದು ಕೂತಿದ್ದಳು.

"ನಾನೇನು ಹೇಳ್ಬೇಕು?"

"ಅವಳಿಂದ ಏನೋ ಒಂದು ಕೆಲಸ ಮಾಡಿಸ್ಬೇಕು. ಅವಳು ಒಪ್ಪಬಾರದು. ದರ್ಶಿನಿ, ನೆನಪಿದೆಯಲ್ಲ? ಕಾರಣ ಕೊಡಬೇಡ. ಕಾರಣ ಕೊಟ್ರೆ ಅವರು ಅದನ್ನೇ ಹಿಡ್ಕೊಂಡು ವಾದ ಮಾಡ್ತಾರೆ. ಒಂದೇ ವಾಕ್ಯ. ಬೇಕಿದ್ರೆ ಮೂರು ಸಲ, ಹತ್ತು ಸಲ. ಕೂಗೋದೂ ಬೇಡ, ಕ್ಷಮೆ ಕೇಳೋದೂ ಬೇಡ."

ಶಂಕರಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಕುರ್ಚಿಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕೂತಳು. ಆರು ವಾರದಿಂದ ಎದೆಯಲ್ಲಿ ಇಟ್ಟುಕೊಂಡದ್ದಕ್ಕೆ ಬಾಗಿಲು ಸಿಕ್ಕಿತ್ತು.

"ಏ ದರ್ಶಿ, ನಿಮ್ಮಜ್ಜಿ ವಿಡಿಯೋ ಹಾಕೇ."

"ನಾನ್ ಹಾಕಲ್ಲ."

"ಯಾಕೆ? ಅಜ್ಜಿ ಅಂದ್ರೆ ಅಷ್ಟು ಪ್ರೀತಿನಾ? ನಿಂಗೆ ಬಾಣಂತನದಲ್ಲಿ ಎಣ್ಣೆ ನೀರು ಹಾಕಿದ್ಳು ಅಂತನಾ? ನಿಮ್ಮಮ್ಮ ಕೆಲಸಕ್ಕೆ ಹೋದಾಗ ಗಿರಣಿ ಧೂಳಲ್ಲಿ ನಿನ್ನ ಬೆನ್ನಿಗೆ ಕಟ್ಕೊಂಡು ಹಿಟ್ಟು ಬೀಸಿದ್ಳು ಅಂತನಾ? ಅದೆಲ್ಲ ಯಾರು ನೋಡಿದಾರೆ? ನಾವು ನಿನ್ನ ಫ್ರೆಂಡ್ಸು. ನಾವು ಬಿಟ್ರೆ ನೀನು ಯಾರು? ಭದ್ರಾವತಿ ಬಸ್ಸಲ್ಲಿ ಬರೋ ಒಂದು ಗೂಬೆ."

"ನಾನ್ ಹಾಕಲ್ಲ."

"ಹಾಕ್ತೀಯ. ಹಾಕಿದ್ದೀಯ ಒಂದು ಸಲ. ಮತ್ತೆ ಹಾಕ್ತೀಯ. ನಿಂಗೆ ಬೆನ್ನುಮೂಳೆ ಇಲ್ಲ. ಆ ಮುದುಕಿ ಹಲ್ಲಿಲ್ಲದ ಬಾಯಲ್ಲಿ ಅಳ್ತಾ ಇದ್ರೆ ಬಾಗಿಲ ಸಂದಿಯಲ್ಲಿ ನಿಂತು ನಕ್ಕಿದ್ದೀಯ..."

"ನಾನು ನಕ್ಕಿರ್ಲಿಲ್ಲ!" ದರ್ಶಿ ಕೂಗಿದಳು.

"ಕಾರಣ ಬೇಡ," ಎಂದರು ಶಾಮಲಾ ಮೆಲ್ಲಗೆ. "ಒಂದೇ ವಾಕ್ಯ."

ದರ್ಶಿ ಕಣ್ಣೊರೆಸಿಕೊಂಡು ಅಜ್ಜಿಯ ಮುಖಕ್ಕೆ ಮುಖ ಕೊಟ್ಟಳು. ಆರು ವಾರದಲ್ಲಿ ಮೊದಲ ಸಲ. "ನಾನ್ ಹಾಕಲ್ಲ."

ಶಂಕರಮ್ಮ ಕಾಲು ಕೆಳಗಿಳಿಸಿ, "ಸಾಕು ಮೇಡಂ. ಬಾಯಿ ಒಣಗ್ತು," ಎಂದಳು. ಶಾಮಲಾ ನೀರು ಕೊಟ್ಟರು.

ಮರಳುವ ಬಸ್ಸಿನಲ್ಲಿ ದರ್ಶಿಯೇ ಮಾತಾಡಿದಳು. "ನವ್ಯಾ ಅಂತ ಅಜ್ಜಿ ಅವಳ ಹೆಸರು. ರವೀಂದ್ರನಗರ. ಅವರಪ್ಪ ಶಿವಪ್ರಸಾದ್ ಅಂತ, ಸ್ಟೀಲ್ ಪಾತ್ರೆ ಅಂಗಡಿ ಇದೆ. ಮ್ಯೂಸಿಕ್ ಹಾಕಿ ಎಲ್ಲಾ ಕಡೆ ಕಳಿಸಿದ್ದು ಅವಳೇ. ನಾನು ಗ್ರೂಪ್ ಬಿಟ್ಟೆ. ನಿನ್ನೆ ಕ್ಯಾಂಟೀನಲ್ಲಿ ಹೇಳ್ದೆ, ಯಾರ್ಯಾರಿಗೆ ಕಳಿಸಿದ್ದೀಯೋ ಅವರಿಗೆಲ್ಲ ಅದನ್ನ ತೆಗೆದುಹಾಕಿ ಅಂತ ಬರಿ ಅಂತ. ನಕ್ಕಳು. ಇನ್ನು ಸೋಮವಾರ ಬರ್ತಾಳಂತೆ, ಆಗ ಮತ್ತೆ ಹೇಳ್ತೀನಿ. ಬರಿಯೋವರೆಗೂ ಹೇಳ್ತೀನಿ."

"ಶಿವಪ್ರಸಾದ್... ಅವನ ಹೆಂಡತಿ ಪ್ರಿಯಂವದಾನಾ? ನಮ್ಮ ಹೊಸಮನೆ ಹುಡುಗಿ?"

"ನಿಂಗೆ ಗೊತ್ತಾ?"

"ಲಂಗ ಹಾಕ್ಕೊಂಡು ಗಿರಣಿಗೆ ರಾಗಿ ತರ್ತಿದ್ಳು."

ದರ್ಶಿ ಅಜ್ಜಿಯ ಕಡೆ ಪೂರ್ತಿ ತಿರುಗಿದಳು. "ಅಜ್ಜಿ, ನೀನು ಇದ್ರಲ್ಲಿ ಬರೋದು ಬೇಡ. ಇದು ನಾನು ಹೇಳ್ಬೇಕು."

"ಆಯ್ತು ಮಾರಾಯ್ತಿ."

"ಬೇಡ ಅಂದೆ ನಾನು."

"ಆಯ್ತು ಅಂದ್ನಲ್ಲ."

ಅಂದು ಸಂಜೆ ಶಂಕರಮ್ಮ ನಾಲ್ಕು ಜನಕ್ಕೆ ರೊಟ್ಟಿ ತಟ್ಟಿದಳು. ಶ್ರೀಗೌರಿ ಗಂಡನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ರೊಟ್ಟಿ ತಟ್ಟುತ್ತಿದ್ದ ಕೈಗಳ ಒಡತಿಯ ತಲೆಯಲ್ಲಿ ಏನು ಓಡುತ್ತಿದೆ ಎಂದು ಆ ಮೂವರಿಗೂ ತಿಳಿಯಲಿಲ್ಲ.

ಪ್ರಿಯಂವದಾಳ ತವರುಮನೆ ಎರಡು ಬೀದಿ ಆಚೆ. ಮಾರನೆಯ ದಿನ ಶಂಕರಮ್ಮ ಅಲ್ಲಿಗೆ ಹೋಗಿ ಕೂತಳು. ಕಾಫಿ ಬಂತು, ಮಾತು ಬಂತು. ಭಾನುವಾರ ಪ್ರಿಯಂವದಾಳ ದೊಡ್ಡ ಮಗಳ ಸೀಮಂತ, ರವೀಂದ್ರನಗರದ ಮನೆಯಲ್ಲಿ. ತವರಿನವರೆಲ್ಲ ಟೆಂಪೋದಲ್ಲಿ ಹೊರಟಿದ್ದಾರೆ. "ನೀವೂ ಬನ್ನಿ ಶಂಕರಮ್ಮ, ಜಾಗ ಇದೆ. ಪ್ರಿಯಂವದಾಗೆ ಸಂತೋಷ ಆಗುತ್ತೆ," ಎಂದರು.

"ಬರ್ತೀನಿ. ನೋಡಿ ಬಹಳ ವರ್ಷ ಆಯ್ತು," ಎಂದಳು ಶಂಕರಮ್ಮ.

ಭಾನುವಾರ ಅವಳು ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟಳು. ರವಿಕೆ ಕಣ, ತೆಂಗಿನಕಾಯಿ, ಹೂವು ಒಂದು ಚೀಲದಲ್ಲಿಟ್ಟುಕೊಂಡಳು. ಅಕ್ಕನ ಬಳಗದವರ ಜೊತೆ ಹೋಗ್ತಿದೀನಿ ಎಂದು ಸೊಸೆಗೆ ಹೇಳಿದಳು. ಟೆಂಪೋದಲ್ಲಿ ಹೆಂಗಸರು ಹಾಡು ಹೇಳಿದರೆ ಇವಳೂ ದನಿಗೂಡಿಸಿದಳು.

ದೊಡ್ಡ ಹಜಾರದಲ್ಲಿ ಐವತ್ತು ಅರವತ್ತು ಹೆಂಗಸರು. ಬಸುರಿಯನ್ನು ಕೂರಿಸಿ ಹಸಿರು ಬಳೆ ತೊಡಿಸುತ್ತಿದ್ದರು. ಉದ್ದ ಜಡೆಯ, ಚೂಪು ಗಲ್ಲದ ಹುಡುಗಿಯೊಬ್ಬಳು ಫೋನ್ ಎತ್ತಿ ಹಿಡಿದು ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದಳು. ಕೇಳುವ ಅಗತ್ಯವೇ ಇರಲಿಲ್ಲ.

ಶಂಕರಮ್ಮ ಸರದಿ ಬಂದಾಗ ಬಸುರಿಗೆ ಕಣ ಕೊಟ್ಟಳು, ತಲೆ ಸವರಿ ಒಳ್ಳೆಯ ಮಾತು ಹೇಳಿದಳು. ಅದನ್ನು ಮಾತ್ರ ಅವಳು ಮನಸ್ಸಿಟ್ಟೇ ಮಾಡಿದಳು. ಆಮೇಲೆ ಜಡೆಯ ಹುಡುಗಿಯ ಕಡೆ ತಿರುಗಿದಳು.

"ನವ್ಯಾ ಅಂದ್ರೆ ನೀನೇ ಅಲ್ವಾಮ್ಮ?"

"ಹೌದು ಅಜ್ಜಿ. ನೀವು?"

"ಗುರುತು ಸಿಗಲಿಲ್ವಾ? ಬಾಯಿ ತುಂಬ ಹಲ್ಲಿದೆ, ಅದಕ್ಕೆ. ತಡಿ."

ಅಷ್ಟು ಜನರ ನಡುವೆ ಶಂಕರಮ್ಮ ಬಾಯಿಗೆ ಕೈ ಹಾಕಿ ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡನ್ನೂ ಬಿಚ್ಚಿ, ಅಂಗೈಯಲ್ಲಿಟ್ಟು ಹುಡುಗಿಯ ಮುಖದ ಮುಂದೆ ಹಿಡಿದಳು. ಬಳೆಯ ಸದ್ದು ನಿಂತಿತು.

"ಈಗ ತೆಗಿ ವೀಯೋ. ಮೊನ್ನೆ ಕದ್ದು ತೆಗೆದಿದ್ದು. ಈಗ ನಾನೇ ಬಂದಿದೀನಿ. ತೆಗಿ. 'ಎಯ್ಯಿ ಓದ್ರಿ ನೀವು? ನನ್ನ ಹಯ್ಯೂ ತಗೊಂಡು ಓದ್ರಾ?' ಡೋಲು ಬಾರಿಸು. ಯಾಕೆ ಸುಮ್ನಿದೀಯ?"

ಯಾರೂ ನಗಲಿಲ್ಲ. ನವ್ಯಾ ಫೋನ್ ಕೆಳಗಿಳಿಸಿದಳು. ಮೂಲೆಯಲ್ಲಿ ಯಾರೋ, "ಅಯ್ಯೋ, ಆ ವಿಡಿಯೋ ಇವಳು ಮಾಡಿದ್ದಾ? ನಮ್ಮ ಮನೇಲೂ ಎಲ್ಲ ನೋಡಿ ನಕ್ಕಿದ್ವಿ," ಎಂದರು. ಪ್ರಿಯಂವದಾ ಗುಂಪು ಸೀಳಿಕೊಂಡು ಬಂದಳು. ಗಿರಣಿ ಶಂಕರಮ್ಮನನ್ನು ನೋಡಿದಳು, ಅಂಗೈಯ ಹಲ್ಲು ನೋಡಿದಳು, ಮಗಳ ಕೆನ್ನೆಗೆ ಛಟಾರನೆ ಬಾರಿಸಿದಳು.

ಆ ಏಟಿನ ಸದ್ದು ಶಂಕರಮ್ಮನಿಗೆ ಹಬ್ಬದೂಟದ ಹಾಗೆ ಹೊಟ್ಟೆಗಿಳಿಯಿತು. ಹಲ್ಲು ಹಾಕಿಕೊಂಡು, ಸೆರಗು ಹೊದ್ದು, ಊಟ ಮಾಡದೆ ಹೊರಬಿದ್ದಳು. ಸಿಟಿ ಬಸ್ಸು ಹತ್ತಿ, ಭದ್ರಾವತಿಯ ಬಸ್ಸು ಹತ್ತಿ, ದಾರಿಯುದ್ದಕ್ಕೂ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಳು. ಆರು ವಾರದ ಮೇಲೆ ಎದೆ ಹಗುರಾಗಿತ್ತು.

ಸಂಜೆ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದಳು. ಹಲ್ಲು ತೆಗೆದದ್ದನ್ನು ಕೈಯಾಡಿಸಿ ತೋರಿಸಿದಳು. ಜ್ಞಾನೇಶ, "ಅವ್ವ, ನೀನು ಆಗ್ಬಹುದು ಬಿಡು!" ಎಂದು ತೊಡೆ ತಟ್ಟಿದ. ಶ್ರೀಗೌರಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ದರ್ಶಿ ತಟ್ಟೆಯಿಂದ ಕೈ ತೆಗೆದಳು.

"ನಾಳೆ ನಾನು ಹೇಳೋದಿತ್ತು."

"ನಿನ್ನ ಕೆಲಸ ಸುಲಭ ಮಾಡ್ದೆ."

"ನಾನು ಬೇಡ ಅಂದಿದ್ದೆ."

"ಏನೇ ಅದು ಬೇಡ ಬೇಡ! ನೋಡಿದ್ದು ನನ್ನ ಬಾಯಿ, ಹೋದದ್ದು ನನ್ನ ಮಾನ. ಲೆಕ್ಕ ತೀರಿಸೋದು ನಂದಲ್ವಾ?"

"ನಿಂದೂ ಹೌದು. ಆದ್ರೆ ಬಸ್ಸಲ್ಲಿ ನಾನು ಹೆಸರು ಹೇಳಿದ್ದು ನಿನ್ನ ನಂಬಿ. ಎರಡು ಸಲ ಬೇಡ ಅಂದೆ. ನವ್ಯಾಗೂ ಎರಡು ಸಲ ಬೇಡ ಅಂದಿದ್ದೆ. ಅವಳಿಗೂ ಕೇಳಿಸ್ಲಿಲ್ಲ, ನಿಂಗೂ ಕೇಳಿಸ್ಲಿಲ್ಲ."

ಶಂಕರಮ್ಮನ ಮುಖ ಕೆಂಪಾಯಿತು. "ಆ ಹುಡುಗಿ ಜೊತೆ ನನ್ನ ಸಮ ಮಾಡ್ತೀಯಾ? ಜ್ಞಾನೇಶ, ಕೇಳಿದ್ಯಾ ನಿನ್ನ ಮಗಳ ಮಾತು?"

"ದರ್ಶಿ, ಅಜ್ಜಿ ಹತ್ರ ಹಾಗೆ ಮಾತಾಡ್ಬೇಡ," ಎಂದ ಜ್ಞಾನೇಶ. ದನಿಯಲ್ಲಿ ಬಲವಿರಲಿಲ್ಲ.

"ಬುಧವಾರ ಶಾಮಲಾ ಮೇಡಂ ಹತ್ರ ನಾನೊಬ್ಳೇ ಹೋಗ್ತೀನಿ."

"ಒಬ್ಳೇ ಹೆಂಗೆ ಹೋಗ್ತೀಯ? ಮತ್ತೆ ಬಸ್‌ಸ್ಟ್ಯಾಂಡಲ್ಲಿ ಕೂತ್ರೆ?"

"ನಾನೊಬ್ಳೇ ಹೋಗ್ತೀನಿ."

"ನಾನು ಬಂದಿದ್ರಿಂದ ತಾನೇ ನಿಂಗೆ ಬಾಯಿ ಬಂದಿದ್ದು?"

"ನಾನೊಬ್ಳೇ ಹೋಗ್ತೀನಿ ಅಜ್ಜಿ."

ಕೂಗಲಿಲ್ಲ, ಅಳಲಿಲ್ಲ. ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ಉಳಿದ ಮೂವರ ತಟ್ಟೆಯಲ್ಲಿ ಸಾರು ತಣ್ಣಗಾಯಿತು.

ಆ ವಾರ ಕಾಲೇಜಿನಲ್ಲಿ ದರ್ಶಿಗೆ ಸುಖವಿರಲಿಲ್ಲ. ಅಜ್ಜಿಯನ್ನು ಕಳಿಸಿ ಸೀಮಂತ ಹಾಳು ಮಾಡಿಸಿದಳು ಎಂದು ಉಳಿದ ಹುಡುಗಿಯರು ಆಡಿಕೊಂಡರು. ನವ್ಯಾ ಕಾಲೇಜಿಗೇ ಬರಲಿಲ್ಲ. ಬುಧವಾರ ಅಜ್ಜಿ ಒಪ್ಪದಿದ್ದರೂ ದರ್ಶಿ ಶಾಮಲಾ ಮೇಡಂ ಹತ್ತಿರ ಒಬ್ಬಳೇ ಹೋಗಿ ಬಂದಳು. ಶಿವಪ್ರಸಾದ್ ಮಗಳ ಫೋನ್ ಒಡೆದುಹಾಕಿದನಂತೆ, ದಾವಣಗೆರೆಯ ಅತ್ತೆಯ ಮನೆಗೆ ಕಳಿಸುತ್ತಾನಂತೆ ಎಂದು ತವರಿನ ಕಡೆಯಿಂದ ಸುದ್ದಿ ಬಂತು. ಸುದ್ದಿ ತಂದ ಹೆಂಗಸು, "ಹುಡುಗಿ ಮೂರು ದಿನದಿಂದ ಊಟ ಮಾಡಿಲ್ವಂತೆ," ಎಂದಳು. ಶಂಕರಮ್ಮ "ಸರಿಯಾಯ್ತು" ಎಂದಳು. ಹೇಳಿದ ಮೇಲೆ, ಇಂಥದೇ ಮಾತನ್ನು ದರ್ಶಿ ಸೊರಗಿದಾಗಲೂ ಹೇಳಿದ್ದೆನಲ್ಲ ಎಂಬುದು ಹೊಳೆದು, ಎದ್ದು ಒಳಗೆ ಹೋದಳು.

ಮುಂದಿನ ಭಾನುವಾರ ಹತ್ತು ಗಂಟೆಗೆ ಮನೆಯ ಮುಂದೆ ಆಟೋ ನಿಂತಿತು. ಪ್ರಿಯಂವದಾ ಇಳಿದಳು. ಹಿಂದೆ ನವ್ಯಾ, ಕಣ್ಣು ಊದಿಕೊಂಡು.

"ಅಮ್ಮ, ಇವಳಿಗೆ ಬುದ್ಧಿ ಹೇಳಿ ಕರ್ಕೊಂಡು ಬಂದಿದೀನಿ. ಬೀಳೇ ಕಾಲಿಗೆ."

ನವ್ಯಾ ಬಗ್ಗಿದಳು. ಶಂಕರಮ್ಮ ಎಷ್ಟೋ ವಾರದಿಂದ ಬಯಸಿದ್ದ ದೃಶ್ಯ ಇದು. ಉದ್ದ ಜಡೆ ನೆಲ ಮುಟ್ಟುತ್ತಿತ್ತು. ಅವಳು ಕಾಲು ಹಿಂದಕ್ಕೆ ತೆಗೆಯಲಿಲ್ಲ, ಪೂರ್ತಿ ಬೀಳಲಿ ಎಂದೇ ಕಾದಳು.

"ಕಾಲಿಗೆ ಬೀಳೋದು ಬೇಡ," ಎಂದಳು ದರ್ಶಿ ಬಾಗಿಲಿನಲ್ಲಿ ನಿಂತು. "ನವ್ಯಾ, ಎದ್ದೇಳು. ಇಲ್ಲಿ ಬಾ."

ಎಲ್ಲರೂ ಅವಳ ಕಡೆ ನೋಡಿದರು. ದರ್ಶಿ ಊಟದ ಮೇಜಿನ ಮೇಲೆ ತನ್ನ ಫೋನ್ ಇಟ್ಟಳು. "ಯಾರ್ಯಾರಿಗೆ ಕಳಿಸಿದ್ದೀಯ ಹೇಳು. ಒಬ್ಬೊಬ್ಬರಿಗೂ ನೀನೇ ನಿನ್ನ ಬಾಯಲ್ಲಿ ಹೇಳು, ನಾನು ವಾಯ್ಸ್ ಕಳಿಸ್ತೀನಿ. ನನ್ನ ಹೆಸರು ನವ್ಯಾ, ಆ ವಿಡಿಯೋ ಆ ಅಜ್ಜಿಗೆ ಗೊತ್ತಿಲ್ದೆ ತೆಗ್ಸಿದ್ದು, ಹರಡಿದ್ದು ನಾನು, ತೆಗೆದುಹಾಕಿ, ನೀವು ಕಳಿಸಿದೋರಿಗೂ ಹೇಳಿ ಅಂತ. ತೆಗೆದಿದ್ದು ನಾನು ಅಂತ ನಾನೂ ಹೇಳ್ತೀನಿ."

"ಎಲ್ರಿಗೂನಾ? ಇಪ್ಪತ್ತು ಜನ ಆಗ್ತಾರೆ."

"ಎಲ್ರಿಗೂ."

"ಒಂದೇ ಮೆಸೇಜ್ ಮಾಡಿ ಫಾರ್ವರ್ಡ್ ಮಾಡಿದ್ರೆ ಆಗಲ್ವಾ?"

"ಆಗಲ್ಲ. ಒಬ್ಬೊಬ್ಬರಿಗೆ."

ಹನ್ನೆರಡೂವರೆವರೆಗೆ ನಡೆಯಿತು. ಇಪ್ಪತ್ತಲ್ಲ, ಮೂವತ್ತನಾಲ್ಕು ಜನ. ಹತ್ತನೆಯವರಿಗೆ ಹೇಳುವಾಗ ನವ್ಯಾಳ ದನಿ ಒಡೆಯಿತು. ದರ್ಶಿ ನೀರು ಕೊಟ್ಟು, ಕಾದು, "ಮುಂದಿಂದು," ಎಂದಳು. ಗಣಿತದ ಲೆಕ್ಚರರಿಗೂ ಹೇಳಿಸಿದಳು. ಪ್ರಿಯಂವದಾ ನಡುವೆ ಒಮ್ಮೆ, "ಸಾಕೇನೋಮ್ಮ," ಎಂದಳು. ದರ್ಶಿ, "ಇನ್ನು ಒಂಬತ್ತು ಜನ ಇದಾರೆ ಆಂಟಿ," ಎಂದಳು. ಶಂಕರಮ್ಮ ಎರಡು ಸಲ ಕಾಫಿ ಮಾಡಿಕೊಟ್ಟಳು. ಒಂದು ಮಾತೂ ಆಡಲು ಅವಳಿಗೆ ಜಾಗ ಸಿಗಲಿಲ್ಲ. ಒಲೆಯ ಮುಂದೆ ನಿಂತು ಕೇಳುತ್ತಾ, ತಾನು ಮಾಡಿದ್ದು ಒಂದು ಕ್ಷಣದ ಏಟು, ಈ ಹುಡುಗಿ ಮಾಡುತ್ತಿರುವುದು ಧಾನ್ಯ ಬೀಸುವ ಹಾಗೆ, ಒಂದು ಕಾಳೂ ಬಿಡದೆ, ಎಂದುಕೊಂಡಳು.

ಹೊರಡುವಾಗ ನವ್ಯಾ ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಕೇಳಿದಳು. "ಈಗ ನಾವು ಫ್ರೆಂಡ್ಸಾ?"

"ಇಲ್ಲ," ಎಂದಳು ದರ್ಶಿ. "ಆದ್ರೆ ಕಾಲೇಜಿಗೆ ಬಾ. ನೀನು ದಾವಣಗೆರೆಗೆ ಹೋಗೋದು ನಂಗೆ ಬೇಕಾಗಿಲ್ಲ. ಆಂಟಿ, ಅಂಕಲ್‌ಗೆ ಹೇಳಿ."

ಆಟೋ ತಿರುವು ದಾಟಿತು. ಸಂಜೆಯ ಸಾರಿಗೆ ಅವರೆಕಾಯಿ ಬಿಡಿಸಬೇಕಿತ್ತು. ಶಂಕರಮ್ಮ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ದರ್ಶಿಯೂ ಬಂದು ಎದುರು ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡಳು.

"ನನ್ನ ಮೇಲೆ ಸಿಟ್ಟು ಹೋಯ್ತಾ?" ಎಂದು ಕೇಳಿದಳು ಶಂಕರಮ್ಮ, ತಲೆ ಎತ್ತದೆ.

"ಇಲ್ಲ. ಇನ್ನೂ ಇದೆ."

"ನಂಗೂ ನಿನ್ನ ಮೇಲೆ ಇದೆ."

"ಗೊತ್ತು ಅಜ್ಜಿ."

"ಬರೋ ಬುಧವಾರ?"

"ನಾನೊಬ್ಳೇ ಹೋಗ್ತೀನಿ."

ಶಂಕರಮ್ಮ ಹುಳ ಹಿಡಿದ ಒಂದು ಕಾಯನ್ನು ಬೀದಿಗೆ ಎಸೆದು, "ಆಯ್ತು, ಹೋಗಿ ಬಾ," ಎಂದಳು.